ಬರೆದಷ್ಟೇ ತೂಗುವ ಗುಂಡು

ನನ್ನ ಮೇಜಿನ ಮೇಲೆ ಕಾಗದಗಳು ಹಾರದಂತೆ ಒತ್ತಿಡುವ ವಸ್ತುವೊಂದಿದೆ. ಉದ್ದದಲ್ಲಿ ಅರ್ಧ ಹೆಬ್ಬೆರಳು. ಎತ್ತಿಕೊಂಡರೆ ಮಾತ್ರ ನೋಟಕ್ಕೆ ಮೀರಿದ ಭಾರ. ಹೊರಗೆ ತಾಮ್ರದ ಹೊದಿಕೆ, ಒಳಗೆ ಸೀಸ, ಸೊಂಟದ ಬಳಿ ಇಕ್ಕಳ ಕಚ್ಚಿದ ಎರಡು ಗುರುತು. ಅದರ ಅಡಿಯಲ್ಲಿ ಸಾಮಾನ್ಯವಾಗಿ ಬಂದೂಕುಗಳ ಮಾರಾಟವನ್ನು ನಿಯಂತ್ರಿಸಬೇಕೆಂದು ಒತ್ತಾಯಿಸುವ ಮನವಿಪತ್ರಗಳಿರುತ್ತವೆ. ಮನೆಗೆ ಬಂದ ಗೆಳತಿಯೊಬ್ಬಳು ಅದನ್ನು ಲಿಪ್‌ಸ್ಟಿಕ್ ಎಂದು ತಿಳಿದು ಮುಚ್ಚಳ ಹುಡುಕಿದಳು. ಇನ್ನೊಬ್ಬರಿಗೆ ನಾನು ಹಳೆಯ ತೂಕದ ಕಲ್ಲೆಂದು ಹೇಳಿ ಪಾರಾದೆ. ನೀವು ಓದಲು ಕುಳಿತವರು, ಬಂದು ಹೋಗುವವರಲ್ಲ. ನಿಮಗೆ ನಿಜ ಹೇಳಬಹುದು. ಅದು ಮ್ಯಾಗ್ನಮ್ ರೈಫಲ್ಲಿನ ಗುಂಡು. ಭಾರೀ ಪ್ರಾಣಿಗಳನ್ನು ಕೊಲ್ಲಲೆಂದೇ ಮಾಡಿದ ಮುನ್ನೂರು ಗ್ರೇನಿನ, ಅಂದರೆ ಹತ್ತೊಂಬತ್ತು ಗ್ರಾಮಿಗೂ ಮಿಕ್ಕ, ಭಾರೀ ಗುಂಡು. ಅದನ್ನು ತೂಗಿದವಳು ನಾನೇ.

ಕಂಡ ತಪ್ಪನ್ನು ಹೆಸರಿಸದೆ ಬಿಡಬಾರದೆಂಬುದು ನಾನು ಶಾಲೆಯಿಂದ ತಂದ ಆಸ್ತಿ. ಮೈಸೂರಿನ ಹೊರವಲಯದಲ್ಲಿದ್ದ ಆ ಶಾಲೆಯಲ್ಲಿ ಗಂಟೆಯಿರಲಿಲ್ಲ, ಪರೀಕ್ಷೆಯಿರಲಿಲ್ಲ, ಬೆತ್ತವಂತೂ ಇರಲೇ ಇಲ್ಲ. ಪ್ರತಿ ಶುಕ್ರವಾರ ಹೊಂಗೆಮರದ ಕೆಳಗೆ ವೃತ್ತಾಕಾರವಾಗಿ ಕುಳಿತು, ಆ ವಾರ ಲೋಕದಲ್ಲಿ ಕಂಡ ಒಂದೊಂದು ತಪ್ಪನ್ನು ನಾವು ಎದ್ದು ನಿಂತು ಹೇಳಬೇಕಿತ್ತು. ಜಟಕಾ ಕುದುರೆಗೆ ಬಿದ್ದ ಚಾವಟಿ, ಹೋಟೆಲಿನ ಹಿಂದೆ ಎಸೆದ ಅನ್ನ, ಅತ್ತೆ ಮನೆಗೆಲಸದವಳಿಗೆ ಇಟ್ಟಿದ್ದ ಬೇರೆ ಲೋಟ. ನಾನು ಒಂದಕ್ಕೆ ನಿಲ್ಲುತ್ತಿರಲಿಲ್ಲ. "ವಸುಧಾ, ಬೇರೆಯವರಿಗೂ ಎರಡು ತಪ್ಪು ಉಳಿಸಮ್ಮ" ಎಂದು ನಾವು ದೊಡ್ಡಕ್ಕ ಎನ್ನುತ್ತಿದ್ದ ಮುಖ್ಯೋಪಾಧ್ಯಾಯಿನಿ ನಗುತ್ತಿದ್ದರು. ದೀಪಾವಳಿ ಕಳೆದ ಮೇಲೆ ಮಕ್ಕಳ ಕೇಪಿನ ಪಿಸ್ತೂಲುಗಳನ್ನೆಲ್ಲ ಸಂಗ್ರಹಿಸಿ, ಗುಂಡಿ ತೋಡಿ ಹೂತು, ಮೇಲೊಂದು ಸಸಿ ನೆಡುವ ಪದ್ಧತಿಯಿತ್ತು. ನನ್ನ ಕೆಂಪು ಹಿಡಿಯ ಪಿಸ್ತೂಲನ್ನು ಗುಂಡಿಗೆ ಹಾಕಿ ನಾನೊಂದು ಭಾಷಣವನ್ನೂ ಮಾಡಿದೆ. ಕೇಪಿನ ಸುರುಳಿಯನ್ನು ಮಾತ್ರ ಕಂಪಾಸು ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡು, ಲೆಕ್ಕದ ಪೀರಿಯಡ್ಡಿನಲ್ಲಿ ಮೂಸುತ್ತಿದ್ದೆ. ಅದನ್ನು ಯಾರಿಗೂ ಹೇಳಬೇಕಾಗಿ ಬರಲಿಲ್ಲ. ಶುಕ್ರವಾರದ ಸಭೆ ಕಂಡ ತಪ್ಪುಗಳಿಗೆ ಮೀಸಲಾಗಿತ್ತು. ಮಾಡಿದ ತಪ್ಪುಗಳಿಗೆ ವಾರದಲ್ಲಿ ಬೇರೆ ದಿನವಿರಲಿಲ್ಲ.

ಈ ಆಸ್ತಿಯೊಡನೆ ನಾನು ನ್ಯೂಜೆರ್ಸಿಗೆ ಬಂದೆ. ದಿನವೂ ರೈಲಿನಲ್ಲಿ ಮ್ಯಾನ್‌ಹಟನ್ನಿಗೆ ಹೋಗಿ, ಬಡ ಬಾಡಿಗೆದಾರರ ಪರವಾಗಿ ಬ್ಯಾಂಕುಗಳ ವಿರುದ್ಧ ವರದಿ ಬರೆಯುವ ಸಣ್ಣ ಸಂಸ್ಥೆಯೊಂದರಲ್ಲಿ ದುಡಿಯುತ್ತಿದ್ದೆ. ಆ ಸಂಸ್ಥೆ ನಡೆಯುತ್ತಿದ್ದದ್ದು ಒಂದು ಬ್ಯಾಂಕಿನ ದಾನನಿಧಿಯಿಂದ ಎಂಬುದು ನನಗೆ ತಿಳಿದದ್ದು ಆ ಬ್ಯಾಂಕು ಮುಳುಗಿ ನಮ್ಮ ಕಚೇರಿಗೆ ಬೀಗ ಬಿದ್ದ ವಾರದಲ್ಲಿ. ನಾವು ವರ್ಷಗಟ್ಟಲೆ ಬೈದ ಕೈಯೇ ನಮಗೆ ಅನ್ನ ಹಾಕುತ್ತಿತ್ತು. ಆ ಶರತ್ಕಾಲದಲ್ಲಿ ಲೇಆಫ್ ಆದವರು ರೈಲುಗಟ್ಟಲೆ ಇದ್ದರು. ಪೆಟ್ಟಿಗೆಯಲ್ಲಿ ಕಾಫಿ ಮಗ್ಗು, ಗೋಡೆಯ ಫೋಟೋ, ಗಿಡದ ಕುಂಡ ಹೊತ್ತು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಪಾರ್ಟ್‌ಮೆಂಟ್ ಬಿಟ್ಟು ಸಮರ್‌ಸೆಟ್ಟಿನ ಮನೆಯೊಂದರ ಗ್ಯಾರೇಜಿನ ಮೇಲಿನ ಕೋಣೆಗೆ ಬಂದೆ. ಮನೆಯ ಯಜಮಾನರು ಬೆಳ್ಳಿಯಪ್ಪ ಅಂಕಲ್. ಕೊಡಗಿನವರು; ನಲವತ್ತು ವರ್ಷ ಮಾತ್ರೆಗಳ ಕಾರ್ಖಾನೆಯೊಂದರಲ್ಲಿ ಗುಣಮಟ್ಟದ ಪರೀಕ್ಷಕರಾಗಿದ್ದು ನಿವೃತ್ತರಾದವರು. ಹೆಂಡತಿ ಬೊಳ್ಳಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಬಾಗಿಲು ತೆರೆದವರೇ ನನ್ನನ್ನು ನೋಡಿ ಕೇಳಿದರು:

"ಕನ್ನಡ ಸಂಘದ ಯುಗಾದಿ ಊಟದಲ್ಲಿ ಥರ್ಮೋಕೋಲ್ ತಟ್ಟೆ ವಿರುದ್ಧ ಭಾಷಣ ಮಾಡಿದವಳು ನೀನೇ ಅಲ್ವಾ?"

"ಹೌದು ಅಂಕಲ್."

"ಒಳ್ಳೇ ಭಾಷಣ. ಸಾರು ಆರಿಹೋಯ್ತು."

ನಾನು ಆ ಭಾಷಣವನ್ನು ಥರ್ಮೋಕೋಲ್ ತಟ್ಟೆಯೊಂದನ್ನು ಕೈಯಲ್ಲಿ ಹಿಡಿದೇ ಮಾಡಿದ್ದೆನೆಂಬುದನ್ನು ಅವರು ಎತ್ತಲಿಲ್ಲ. ಮೆಟ್ಟಿಲು ತೋರಿಸುತ್ತ ಹೇಳಿದರು: "ಮೊದಲೇ ಹೇಳಿಬಿಡ್ತೀನಿ. ಕೆಳಗೆ ಗ್ಯಾರೇಜಲ್ಲಿ ಕೋವಿ ಇದೆ. ಬೀಗದಲ್ಲಿದೆ, ಲೈಸೆನ್ಸ್ ಇದೆ. ನನ್ನ ತೋಟಾ ನಾನೇ ತುಂಬಿಸ್ಕೋತೀನಿ. ಭಾಷಣ ಬೇಡ."

ಭಾಷಣ ಮಾಡಲಿಲ್ಲ. ಮೂರನೆಯ ದಿನ ಎರಡು ಪುಟದ ಪತ್ರ ಬರೆದು ಅವರ ಬಾಗಿಲಿನಡಿ ತಳ್ಳಿದೆ. ಸಂಜೆ ಅದು ನನ್ನ ಬಾಗಿಲಿನಡಿಯಿಂದ ವಾಪಸು ಬಂತು. ಅಂಚಿನಲ್ಲಿ ಕೆಂಪು ಶಾಯಿಯ ಒಂದೇ ಟಿಪ್ಪಣಿ: "ಎರಡನೇ ಪುಟಕ್ಕೆ ಸಹಿ ಇಲ್ಲ."

ಆ ಚಳಿಗಾಲವನ್ನು ವರ್ಣಿಸುವುದು ಕಷ್ಟ, ಏಕೆಂದರೆ ಅದರಲ್ಲಿ ಏನೂ ನಡೆಯಲಿಲ್ಲ. ನಮ್ಮ ಬೀದಿಯಲ್ಲಿ ಬ್ಯಾಂಕು ಕಸಿದುಕೊಂಡ ಮನೆಗಳ ಮುಂದೆ ಮಾರಾಟದ ಹಲಗೆಗಳು ನಿಂತವು. ಅವುಗಳ ಮುಂದಿನ ಹಿಮವನ್ನು ತೆಗೆಯುವವರಿಲ್ಲದೆ ನಡೆದಾಡುವ ದಾರಿ ತುಂಡುತುಂಡಾಯಿತು. ಪ್ರಿನ್ಸ್‌ಟನ್ನಿನಲ್ಲಿ ಸೇರುತ್ತಿದ್ದ ನಮ್ಮ ಬಂದೂಕು ವಿರೋಧಿ ಗುಂಪು ಹನ್ನೊಂದರಿಂದ ನಾಲ್ಕಕ್ಕಿಳಿಯಿತು. ಫೋನು ರಿಂಗಾದರೆ ಅದು ತಪ್ಪು ನಂಬರೇ. ಒಮ್ಮೆ ಹಾಗೆ ಕರೆದ ಹೆಂಗಸಿನೊಡನೆ ಹವಾಮಾನದ ಬಗ್ಗೆ ಏಳು ನಿಮಿಷ ಮಾತಾಡಿದೆ. ಸೋಮವಾರದಿಂದ ಶುಕ್ರವಾರದವರೆಗೆ ನನಗೆ ಕೇಳಿಸುತ್ತಿದ್ದ ಮನುಷ್ಯ ಸದ್ದೆಂದರೆ ನೆಲದಡಿಯಿಂದ ಬರುತ್ತಿದ್ದ 'ಕಟಕ್'. ಅಂಕಲ್ ತೋಟಾ ತುಂಬುವ ಪ್ರೆಸ್ಸೆಂಬ ಕೈಯಂತ್ರದ ಹಿಡಿಯನ್ನು ಎಳೆದ ಸದ್ದು. ಒಂದು ಕಟಕ್, ದೀರ್ಘ ಮೌನ, ಇನ್ನೊಂದು ಕಟಕ್. ಹಿಂಸೆಯ ಸಿದ್ಧತೆಯ ಸದ್ದಿಗಾಗಿ ಅಹಿಂಸಾವಾದಿಯೊಬ್ಬಳು ಕಿವಿ ನೆಟ್ಟು ಕಾಯುತ್ತಿದ್ದಳೆಂಬುದನ್ನು ಆ ಶುಕ್ರವಾರದ ಸಭೆಯಲ್ಲಿ ಯಾವ ಶೀರ್ಷಿಕೆಯಡಿ ಹೇಳಬಹುದಿತ್ತೋ ತಿಳಿಯದು.

ಬೇಸಿಗೆಯಲ್ಲಿ ಒಂದು ದಿನ ಅವರು ಮೆಟ್ಟಿಲ ಬುಡದಲ್ಲಿ ನಿಂತು "ವಸುಧಾ" ಎಂದು ಕೂಗಿದರು. ಕೈಯಲ್ಲಿ ಕಾಗದವಿತ್ತು. ಉತ್ತರದ ಮೇನ್ ರಾಜ್ಯದಲ್ಲಿ ಮೂಸ್ ಬೇಟೆಗೆ ಹೊರಗಿನವರಿಗೆ ಲಾಟರಿಯಲ್ಲಿ ಪರವಾನಗಿ ಕೊಡುತ್ತಾರೆ. ಮೂಸ್ ಎಂದರೆ ಕುದುರೆಗಿಂತ ಎತ್ತರದ, ಬಾಣಲೆಯಗಲ ಕೊಂಬಿನ ಕಡವೆಯಂಥ ಪ್ರಾಣಿ. ಹದಿನಾಲ್ಕು ವರ್ಷ ಅರ್ಜಿ ಹಾಕಿದ್ದ ಅವರ ಹೆಸರು ಆ ವರ್ಷ ಬಂದಿತ್ತು. ಅಕ್ಟೋಬರಿನಲ್ಲಿ ಆರು ದಿನ, ಒಂದು ಪ್ರಾಣಿ.

"ಕಂಗ್ರಾಜುಲೇಷನ್ಸ್ ಅನ್ನಲಾರೆ ಅಂಕಲ್."

"ಅನ್ನಬೇಡ. ಒಂದು ಕೆಲಸ ಮಾಡಿಕೊಡು. ನನಗೆ ದೂರದ್ದು ಕಾಣುತ್ತೆ, ಈಚೆಗೆ ಹತ್ತಿರದ್ದು ಮಂಜು. ಆ ದಿಬ್ಬದಲ್ಲಿರೋ ಮೂಸಿನ ಕಿವಿ ಎಣಿಸ್ತೀನಿ, ಮೂಗಿನ ಕೆಳಗಿರೋ ತಕ್ಕಡಿ ಮುಳ್ಳು ಕಾಣಲ್ಲ. ಎಲೆಕ್ಷನ್ ಆದಾಗಿನಿಂದ ಹೊಸ ಸರ್ಕಾರ ಎಲ್ಲಿ ಮಾರಾಟ ನಿಲ್ಲಿಸುತ್ತೋ ಅಂತ ಜನ ಹೆದರಿ ಎಲ್ಲಾ ಕೊಂಡು ಗುಡ್ಡೆ ಹಾಕ್ಕೊಂಡಿದಾರೆ, ಅಂಗಡೀಲಿ ರೆಡಿ ತೋಟಾನೂ ಇಲ್ಲ, ಮದ್ದಿಗೆ ಕಿಡಿ ಕೊಡೋ ಕೇಪೂ ಇಲ್ಲ. ನನ್ನ ಹತ್ರ ಹತ್ತೇ ಕೇಪು ಉಳಿದಿರೋದು. ಹತ್ತೇ ತೋಟಾ. ಒಂದೂ ತಪ್ಪೋ ಹಾಗಿಲ್ಲ."

"ನನ್ನನ್ನ ಕೇಳ್ತಿದೀರಲ್ಲ! ನಾನು ಯಾರು ಅಂತ ಗೊತ್ತಲ್ಲ?"

"ಗೊತ್ತು. ತಪ್ಪು ಹುಡುಕೋದರಲ್ಲಿ ನಿನ್ನ ಮೀರಿಸಿದವರು ಸಂಘದಲ್ಲೇ ಇಲ್ಲ. ನನಗೆ ಬೇಕಾಗಿರೋದೂ ಅಂಥವರೇ."

ಎದುರಾಳಿಯನ್ನು ಒಳಗಿನಿಂದ ಅಧ್ಯಯನ ಮಾಡುತ್ತೇನೆಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ನಿಜವೆಂದರೆ, ಯಾರೋ ನನ್ನನ್ನು ಹೆಸರು ಹಿಡಿದು ಕರೆದಿದ್ದರು.

ಇನ್ನೊಂದು ಕಾರಣವೂ ಇತ್ತು. ಗ್ಯಾರೇಜಿನ ಬೆಂಚಿನ ಮೇಲಿದ್ದ ತಕ್ಕಡಿಯನ್ನು ನೋಡಿದ ಕೂಡಲೇ ನನಗೆ ಅಜ್ಜ ನೆನಪಾದರು. ತಾಯಿಯ ತಂದೆ ಚನ್ನಪಟ್ಟಣದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಆಗ ಔಷಧದ ಪುಡಿಗಳನ್ನು ಗ್ರೇನಿನಲ್ಲೇ ತೂಗುತ್ತಿದ್ದರು. ರಜೆಯಲ್ಲಿ ಹೋದಾಗ ಅಜ್ಜ ಕೈತಕ್ಕಡಿ ಎತ್ತಿದರೆ ನಾನು ಉಸಿರು ಬಿಗಿಹಿಡಿಯಬೇಕಿತ್ತು. ಉಸಿರು ತಗುಲಿದರೆ ಪುಡಿ ಹಾರಿ ರೋಗಿಯ ಜ್ವರ ಇಳಿಯುವುದಿಲ್ಲವೆಂದು ಅವರು ಹೆದರಿಸಿದ್ದರು. ತೂಗಿದ ಪುಡಿಯನ್ನು ಬಿಳಿ ಕಾಗದದಲ್ಲಿ ಪೊಟ್ಟಣ ಕಟ್ಟಿ ಸಾಲಾಗಿ ಇಡುವುದು ನನ್ನ ಕೆಲಸ. "ತೂಕ ತಪ್ಪಿದರೆ ಔಷಧವೂ ಸುಳ್ಳು ಹೇಳುತ್ತೆ, ಮಗು" ಎನ್ನುತ್ತಿದ್ದರು. ಅಂಕಲ್ ಅವರ ತಕ್ಕಡಿಯ ಸಣ್ಣ ತಟ್ಟೆಗೆ ಕಪ್ಪು ಕಾಳಿನಂಥ ಸಿಡಿಮದ್ದನ್ನು ಚಿಟಿಕೆಚಿಟಿಕೆಯಾಗಿ ಉದುರಿಸಿ, ಮುಳ್ಳು ಗೆರೆಗೆ ಬಂದು ನಿಂತಾಗ, ನಾನು ಮೂವತ್ತೈದು ವರ್ಷ ಹಿಂದಕ್ಕೆ ಹೋಗಿ ಉಸಿರು ಬಿಗಿಹಿಡಿದಿದ್ದೆ.

ಕೆಲಸದ ಕ್ರಮ ಹೀಗಿತ್ತು. ಹಾರಿಸಿ ಖಾಲಿಯಾದ ತೋಟಾಗಳ ಹಿತ್ತಾಳೆ ಕೋಶಗಳನ್ನು ತೊಳೆದು, ಪ್ರೆಸ್ಸಿಗೆ ಹಾಕಿ ಅಳತೆಗೆ ತಂದು, ಬುಡದಲ್ಲಿ ಕೇಪು ಕೂರಿಸುವುದು ಅವರದು. ಅದಕ್ಕೆ ಕಣ್ಣು ಬೇಡ, ಬೆರಳು ಸಾಕು. ಮದ್ದು ತೂಗಿ ಆಲಿಕೆಯಿಂದ ಕೋಶಕ್ಕೆ ಸುರಿಯುವುದು ನನ್ನದು. ತಕ್ಕಡಿ ನಿಂತಾಗ ನಾನು "ಸಮ, ಅಂಕಲ್" ಎನ್ನಬೇಕು. ಅವರು "ಸರಿ" ಎಂದ ಮೇಲೆಯೇ ಸುರಿಯಬೇಕು. ಅದಕ್ಕೆ ಮುಂಚೆ ಸುರಿಯುವಂತಿಲ್ಲ. ಕೊನೆಯಲ್ಲಿ ಟಾರ್ಚು ಬಿಟ್ಟು ಎಲ್ಲ ಕೋಶಗಳೊಳಗೂ ಇಣುಕಿ, ಮದ್ದು ಒಂದೇ ಮಟ್ಟದಲ್ಲಿದೆಯೆಂದು ನಾನು ಹೇಳಬೇಕು. ಆಮೇಲೆ ಅವರು ಗುಂಡು ಕೂರಿಸಿ ಹಿಡಿ ಎಳೆಯುತ್ತಿದ್ದರು. ಕಟಕ್.

"ಈ ಸ್ಟೂಲು ಬೊಳ್ಳಮ್ಮಂದು" ಎಂದರು ಒಮ್ಮೆ, ನಾನು ಅದರ ಮೇಲೆ ಕುಳಿತು ವಾರವಾದ ಮೇಲೆ. "ಮುಳ್ಳು ನೋಡೋ ಕೆಲಸ ಅವಳದ್ದೇ. 'ಸಮ' ಅಂತ ಅವಳು, 'ಸರಿ' ಅಂತ ನಾನು. ಕೆಲವು ದಿನ ಮನೇಲಿ ಅದೇ ನಮ್ಮ ಪೂರ್ತಿ ಮಾತು."

ಗುಂಡುಗಳನ್ನೂ ತೂಗಿ ಆರಿಸಿದೆವು. ಡಬ್ಬಿಯಲ್ಲಿ ಐವತ್ತಿದ್ದವು. "ಎಲ್ಲಾ ಮುನ್ನೂರು ಅಂತ ಮೇಲೆ ಬರೆದಿದಾರೆ. ನಂಬಬೇಡ. ಬರೆದಷ್ಟೇ ತೂಗೋದು ಜಗತ್ತಲ್ಲಿ ಕಡಿಮೆ." ಮುನ್ನೂರಕ್ಕೆ ಅರ್ಧ ಹೆಚ್ಚು, ಮುನ್ನೂರಕ್ಕೆ ಕಾಲು ಕಡಿಮೆ ಎಂದು ನಾನು ಓದುತ್ತ ಹೋದೆ. ಸರಿಯಾಗಿ ಮುನ್ನೂರು ತೂಗಿದವು ನಾಲ್ಕೇ. ಆ ನಾಲ್ಕು ಬೇಟೆಗೆ. ಉಳಿದವುಗಳಲ್ಲಿ ಆರು ಗುರಿ ಪರೀಕ್ಷೆಗೆ. ಸೆಪ್ಟೆಂಬರಿನಲ್ಲಿ ಅವರ ಆಯುಧಪೂಜೆಯ ಹಬ್ಬ ಕೈಲ್ಪೊಳ್ದ್ ಬಂತು. ಊರಿನಲ್ಲಾಗಿದ್ದರೆ ಕೋವಿಯ ನಳಿಗೆಗೆ ತೋಕ್‌ಪೂ ಎಂಬ ಕಾಡಿನ ಕೆಂಪು ಹೂ ಸಿಕ್ಕಿಸುತ್ತಾರಂತೆ. ಇಲ್ಲಿ ನರ್ಸರಿಯ ಕುಂಡದ ಸೇವಂತಿಗೆಯೇ ಗತಿಯಾಯಿತು. ಪೂಜೆಯ ನಂತರ ನನಗೆ ಕಡಂಬುಟ್ಟೆಂಬ ಅಕ್ಕಿಯ ಕಡುಬಿನ ಜೊತೆ ಬದನೆಕಾಯಿ ಪಲ್ಯ ಮಾಡಿದ್ದರು. ಹಂದಿ ಸಾರು ಒಬ್ಬರೇ ಉಂಡರು. ಹೂವಿಟ್ಟ ಬಂದೂಕನ್ನು ನೋಡಿ ಒಂದು ಗಂಟೆ ಬಾಯಿ ಮುಚ್ಚಿ ಕುಳಿತದ್ದು ನನ್ನ ಚಳವಳಿಯ ಜೀವನದಲ್ಲೇ ಮೊದಲು.

ಕೊನೆಯ ನಾಲ್ಕನ್ನು ತುಂಬಿದ ಮಧ್ಯಾಹ್ನಕ್ಕೆ ಬರುತ್ತೇನೆ. ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು; ಮೇಪಲ್ ಎಲೆಗಳು ಒಳಗೆ ಬರುತ್ತಿದ್ದವು. ಮೂಸಿನ ಚಿತ್ರವೊಂದನ್ನು ನಾನು ಹಿಂದಿನ ದಿನ ಲೈಬ್ರರಿಯಲ್ಲಿ ನೋಡಿದ್ದೆ: ಮೊಣಕಾಲುದ್ದ ನೀರಿನಲ್ಲಿ ನಿಂತು, ಬಾಯಿತುಂಬ ಜೊಂಡು ತುಂಬಿಕೊಂಡು, ನಮ್ಮ ಸಮಾಜಶಾಸ್ತ್ರದ ಮೇಷ್ಟರ ಹಾಗೆ ಯಾವುದೋ ಯೋಚನೆಯಲ್ಲಿತ್ತು. ಅಂಕಲ್ ನಾಲ್ಕು ತೋಟಾಗಳನ್ನು ತುಂಬಿದ ಕ್ರಮದಲ್ಲೇ ಸಣ್ಣ ಡಬ್ಬಿಯಲ್ಲಿ ಸಾಲಾಗಿ ಇಡುತ್ತಾರೆ, ಎಡಗಡೆಯದನ್ನೇ ಮೊದಲು ಕೋವಿಗೆ ಹಾಕುತ್ತಾರೆ ಎಂಬುದು ನನಗೆ ತಿಳಿದಿತ್ತು. ಮೊದಲನೆಯದರಲ್ಲಿ ಮದ್ದೇ ಇಲ್ಲದಿದ್ದರೆ? 'ಟಕ್' ಎಂದೊಂದು ಸದ್ದಾಗುತ್ತದೆ, ಮೂಸ್ ತಲೆಯೆತ್ತಿ ಕಾಡು ಸೇರುತ್ತದೆ. ಯಾರಿಗೂ ನೋವಿಲ್ಲ. ಇಷ್ಟು ಸೌಮ್ಯವಾದ ಪ್ರತಿಭಟನೆ ಚರಿತ್ರೆಯಲ್ಲೇ ಇಲ್ಲವೆಂದು ನನಗನ್ನಿಸಿತು.

ತೂಗಿದೆ. "ಸಮ, ಅಂಕಲ್."

"ಸರಿ."

ಆಲಿಕೆಯನ್ನು ಕೋಶದ ಮೇಲಿಡುವ ಬದಲು, ತಟ್ಟೆಯನ್ನು ಮೆಲ್ಲಗೆ ಮದ್ದಿನ ಡಬ್ಬಕ್ಕೇ ಬಾಗಿಸಿದೆ. ಉಳಿದ ಮೂರನ್ನು ನಿಯತ್ತಾಗಿ ತುಂಬಿದೆ.

"ಟಾರ್ಚ್ ಬಿಟ್ಟು ನೋಡಿದೆಯಾ? ಎಲ್ಲದರಲ್ಲೂ ಒಂದೇ ಮಟ್ಟ ಇದೆಯಾ?"

"ಇದೆ ಅಂಕಲ್."

ಕಟಕ್. ಕಟಕ್. ಕಟಕ್. ಕಟಕ್.

ಸಂಜೆ ಮೇಲೆ ಕುಳಿತು ಚಹಾ ಕುಡಿಯುವಾಗ ಕೆಳಗಿನಿಂದ ಇನ್ನೊಂದು ಕಟಕ್ ಕೇಳಿಸಿತು. ಕೆಲಸವೆಲ್ಲ ಮುಗಿದ ಮೇಲೆ ಇದೇನೆಂದುಕೊಂಡೆ; ಆಮೇಲೆ ಮರೆತೆ.

ಹೊರಡಲು ಇನ್ನೂ ಒಂದು ವಾರವಿತ್ತು. ಆ ವಾರ ಅಂಕಲ್ ಎಂದಿಲ್ಲದ ಹಾಗೆ ಎರಡು ಮೂರು ಬಾರಿ ಮೆಟ್ಟಿಲ ಬುಡದಲ್ಲಿ ನಿಂತು, "ಏನಮ್ಮಾ, ಏನಾದರೂ ಹೇಳೋದಿದೆಯಾ?" ಎಂದು ಕೇಳಿದರು. ಕೇಳುವವರು ಸಿಕ್ಕರಲ್ಲ ಎಂಬ ಸಂತೋಷದಲ್ಲಿ ನಾನು ಮುಳುಗಿದ ಬ್ಯಾಂಕುಗಳ ಅಧಿಕಾರಿಗಳು ಪಡೆದ ಬೋನಸ್ಸಿನ ಬಗ್ಗೆ ಅರ್ಧ ಗಂಟೆ ಹೇಳಿದೆ. ಅವರು ಪೂರ್ತಿ ಕೇಳಿ, "ಅಷ್ಟೇನಾ?" ಎಂದರು. "ಸದ್ಯಕ್ಕೆ ಅಷ್ಟೇ" ಎಂದೆ. ಹೊರಟ ದಿನ ಬೆಳಿಗ್ಗೆ, ಕಾರ್ಖಾನೆಯ ಹಳೆಯ ಗೆಳೆಯ ಫ್ರ್ಯಾಂಕ್ ಟ್ರಕ್ಕು ತಂದು ನಿಲ್ಲಿಸಿದಾಗ, ನಾನು ಫ್ಲಾಸ್ಕಿನಲ್ಲಿ ಕಾಫಿ ಕೊಟ್ಟೆ. ಫ್ಲಾಸ್ಕನ್ನು ಕೈಯಲ್ಲಿ ಹಿಡಿದು ಅವರು ಸ್ವಲ್ಪ ಹೊತ್ತು ನಿಂತರು. "ಹೋಗಿ ಬರ್ಲಾ?" ಎಂದರು. ಟಾಟಾ ಮಾಡಿದೆ.

ಗಿಡಗಳಿಗೆ ನೀರು ಹಾಕುವುದನ್ನು ನನಗೆ ವಹಿಸಿದ್ದರು. ಮೂರನೆಯ ದಿನ ಗ್ಯಾರೇಜಿನ ಸೇವಂತಿಗೆಗೆ ನೀರು ಹಾಕಿ, ಸುಮ್ಮನೆ ಸ್ಟೂಲಿನ ಮೇಲೆ ಕುಳಿತು, ಬೆಂಚಿನ ಮೇಲಿದ್ದ ತೋಟಾ ತುಂಬುವ ಹಳೆಯ ಕೈಪಿಡಿಯನ್ನು ತಿರುವಿ ಹಾಕಿದೆ. ಒಂದು ಪುಟದಲ್ಲಿ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸೀಳಿ ಹರಡಿದ ನಳಿಗೆಯ ಚಿತ್ರವಿತ್ತು. ಕೆಳಗಿನ ವಿವರವನ್ನು ಓದಿದೆ. ಮತ್ತೊಮ್ಮೆ ಓದಿದೆ. ಮದ್ದಿಲ್ಲದ ತೋಟಾ ಸುಮ್ಮನಿರುವುದಿಲ್ಲ. ಬುಡದ ಕೇಪೊಂದೇ ಗುಂಡನ್ನು ತಳ್ಳಿ ನಳಿಗೆಯ ನಡುವೆ ಸಿಕ್ಕಿಸುತ್ತದೆ. ಬೇಟೆಯ ಆತುರದಲ್ಲಿರುವವನು ಅದನ್ನು ಗಮನಿಸದೆ ಎರಡನೆಯ ತೋಟಾ ಹಾರಿಸಿದರೆ, ಸಿಕ್ಕಿಕೊಂಡ ಮೊದಲ ಗುಂಡು ಎರಡನೆಯದಕ್ಕೆ ದಾರಿ ಕೊಡದೆ, ಕೋವಿ ಅವನ ಮುಖದ ಮುಂದೆಯೇ ಒಡೆಯುತ್ತದೆ.

ಓದುಗರೇ, ನಾನು ಸಾವಿರ ತಪ್ಪುಗಳನ್ನು ಹೆಸರಿಸಿದವಳು. ಅಣೆಕಟ್ಟೆ, ಗಣಿ, ಬ್ಯಾಂಕು, ಬಂದೂಕು, ಥರ್ಮೋಕೋಲ್. ಅವುಗಳಲ್ಲಿ ಯಾವುದೂ, ನನ್ನನ್ನು ಹೆಸರು ಹಿಡಿದು ಕರೆದ ಏಕೈಕ ಮನುಷ್ಯನ ಮುಖದ ಮುಂದೆ ನಾನೇ ಇಟ್ಟದ್ದಾಗಿರಲಿಲ್ಲ.

ಫೋನು ಮಾಡಿದೆ. ಆ ಕಾಡಿನಲ್ಲಿ ಸಿಗ್ನಲ್ಲಿಲ್ಲ. "ಅಂಕಲ್, ವಸುಧಾ. ಎಡಗಡೆಯ ಮೊದಲನೇ ತೋಟಾ ಹಾಕಬೇಡಿ. ಅದರಲ್ಲಿ ಮದ್ದಿಲ್ಲ. ನಾನೇ ಹಾಕಲಿಲ್ಲ." ಎಂದು ಫೋನಿನ ಸಂದೇಶಯಂತ್ರಕ್ಕೆ ಹೇಳಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ಹೇಳಿದೆ. ಅವರ ಶಿಬಿರ ಎಲ್ಲಿಯದೆಂದು ನಾನು ಕೇಳಿರಲಿಲ್ಲ. ಬೇಟೆಯ ವಿವರ ಕೇಳುವುದು ಅದಕ್ಕೆ ಸಮ್ಮತಿ ಕೊಟ್ಟಂತೆ ಎಂದು ನಂಬಿದ್ದೆ. ಪರವಾನಗಿಯ ಕಾಗದ ಅವರ ಜೊತೆಯಲ್ಲೇ ಹೋಗಿತ್ತು. ಆ ರಾಜ್ಯದ ಅರಣ್ಯ ರಕ್ಷಕರ ಕಚೇರಿಗೆ ಕರೆ ಮಾಡಿದರೆ, ಯಾವ ಶಿಬಿರವೆಂದು ತಿಳಿಯದೆ ನೂರಾರು ಮೈಲಿ ಕಾಡಿನಲ್ಲಿ ಎಲ್ಲಿ ಹುಡುಕುವುದು, ಆದರೂ ಹೆಸರು ಬರೆದುಕೊಳ್ಳುತ್ತೇವೆ ಎಂದು ಶಾಂತವಾಗಿ ಉತ್ತರಿಸಿದರು. ಮುಂದಿನ ಎರಡು ದಿನ ಬೀದಿಯಲ್ಲಿ ಟ್ರಕ್ಕಿನ ಸದ್ದಾದಾಗಲೆಲ್ಲ ಕಿಟಕಿಗೆ ಓಡಿದೆ. ಕೆಳಗಿನಿಂದ ಕಟಕ್ ಇಲ್ಲ. ಮನೆಯ ಮೌನಕ್ಕೆ ಒಂದು ತೂಕವಿದ್ದರೆ ಅದನ್ನು ಆ ಎರಡು ದಿನ ನಾನು ಹೊತ್ತೆ.

ಐದನೆಯ ಸಂಜೆ ಟ್ರಕ್ಕು ಬಂತು. ನಾನು ಬರಿಗಾಲಲ್ಲಿ ಓಡಿದೆ. ಅಂಕಲ್ ಇಳಿದರು: ಎರಡು ಕಣ್ಣು, ಎರಡು ಕೈ, ಐದು ದಿನದ ಬಿಳಿ ಗಡ್ಡ. ಫ್ರ್ಯಾಂಕ್ ಹಿಂದುಗಡೆ ಮಾಂಸದ ಪೆಟ್ಟಿಗೆಗಳನ್ನು ಇಳಿಸುತ್ತಿದ್ದ.

"ಅಂಕಲ್, ಮೆಸೇಜ್..."

"ದಾರೀಲಿ ಸಿಗ್ನಲ್ ಬಂದಾಗ ಕೇಳಿದೆ. ಹನ್ನೊಂದು ಸಲ ಹೇಳಿದೀಯ." ಅಂಗಿಯ ಜೇಬಿಗೆ ಕೈಹಾಕಿದರು. "ಮೊದಲೇ ಒಂದು ಸಲ ಹೇಳಿದ್ದರೆ ಸಾಕಿತ್ತು."

ಅಂಗೈಯಲ್ಲಿ ಈ ಗುಂಡಿತ್ತು, ಮೈಮೇಲೆ ಇಕ್ಕಳದ ಎರಡು ಗುರುತಿನೊಡನೆ.

"ತುಂಬಿಸಿದವರು ಬೇರೆ, ಪರೀಕ್ಷೆ ಮಾಡೋರು ಬೇರೆ. ನಲವತ್ತು ವರ್ಷದ ಅಭ್ಯಾಸ. ಪ್ರತಿ ತೋಟಾನೂ ತೆಂಗಿನಕಾಯಿ ಥರ ಕಿವಿ ಹತ್ತಿರ ಅಲ್ಲಾಡಿಸಿ ನೋಡ್ತೀನಿ. ಮದ್ದು ಇದ್ದರೆ ಸಣ್ಣಗೆ ಮಾತಾಡುತ್ತೆ. ಇದು ಮಾತಾಡಲಿಲ್ಲ. ಅವತ್ತೇ ಸಂಜೆ ಬಿಚ್ಚಿದೆ. ಮೂರು ತಗೊಂಡು ಹೋದೆ, ಒಂದು ಸಾಕಾಯ್ತು."

"ಅವತ್ತೇ ಗೊತ್ತಿತ್ತಾ? ಮತ್ತೆ ಯಾಕೆ ಕೇಳಲಿಲ್ಲ ಅಂಕಲ್?"

"ಕೇಳಿದೆನಲ್ಲ. ವಾರ ಪೂರ್ತಿ ಕೇಳಿದೆ. ಕಾಫಿ ಕೊಟ್ಟಾಗ್ಲೂ ಕಾದೆ."

"ಅದು ಅಪಾಯ ಅಂತ ನನಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ ಅನ್ನೋದು ನನಗೂ ಗೊತ್ತು. ಆದರೆ 'ಇದೆ ಅಂಕಲ್' ಅಂದೆಯಲ್ಲ, ಅದು ಗೊತ್ತಿದ್ದೇ ಅಂದದ್ದು." ಗುಂಡನ್ನು ನನ್ನ ಕೈಗಿಟ್ಟರು. "ಇಟ್ಕೋ. ನಿನ್ನ ಕಾಗದಗಳ ಮೇಲೆ ಇಡೋಕೆ ಆಗುತ್ತೆ. ಇದು ಡಬ್ಬಿ ಮೇಲೆ ಬರೆದಷ್ಟೇ ತೂಗುತ್ತೆ."

ಮಾಂಸವನ್ನು ಬೀದಿಯ ಎಲ್ಲ ಮನೆಗೂ ಹಂಚಿದರು. ಕೆಲಸ ಕಳೆದುಕೊಂಡವರ ಮನೆಗೆ ಎರಡೆರಡು ಪೊಟ್ಟಣ. ನನಗೆಂದು ಮೇನಿನಿಂದ ಒಂದು ಮೂಟೆ ಆಲೂಗಡ್ಡೆ ತಂದಿದ್ದರು. ತಿಂಗಳುಗಟ್ಟಲೆ ತಿಂದೆ. ಆ ಮೂಸನ್ನು ಕೊಂದದ್ದು ತಪ್ಪೆಂದು ನಾನು ಈಗಲೂ ನಂಬುತ್ತೇನೆ; ಅದನ್ನು ಅವರಿಗೆ ಹೇಳುವ ಹಕ್ಕನ್ನು ಮಾತ್ರ ಆ ಮಧ್ಯಾಹ್ನ ಮದ್ದಿನ ಜೊತೆಗೇ ಡಬ್ಬಕ್ಕೆ ಸುರಿದಿದ್ದೆ.

ಕ್ಷಮೆ ಕೇಳಿದೆ, ಬಾಯಲ್ಲೂ ಪತ್ರದಲ್ಲೂ. ಪತ್ರ ಈ ಸಲ ವಾಪಸು ಬರಲಿಲ್ಲ. ಎರಡೂ ಪುಟಕ್ಕೆ ಸಹಿ ಹಾಕಿದ್ದೆ. ಅವರು ಒಮ್ಮೆಯೂ ಗಡುಸಾಗಿ ಮಾತಾಡಲಿಲ್ಲ. ಹಬ್ಬಕ್ಕೆ ಪಲ್ಯ ಬಂತು, ಹಿಮ ಬಿದ್ದಾಗ ನನ್ನ ಕಾರಿನ ಗಾಜು ಕೆರೆದಿಟ್ಟಿರುತ್ತಿದ್ದರು. ಆದರೆ ಡಿಸೆಂಬರಿನಲ್ಲಿ ಒಂದು ದಿನ ಗ್ಯಾರೇಜಿನ ಕಿಟಕಿಯಲ್ಲಿ ಹಸಿರು ಬೆಳಕು ಕಂಡೆ. ಇಷ್ಟು ವರ್ಷ ಆಡಿಕೊಂಡು ನಗುತ್ತಿದ್ದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಕೊಂಡಿದ್ದರು. ಬೆರಳುದ್ದದ ಅಂಕೆಗಳು; ಮಂಜುಗಣ್ಣಿಗೂ ಕಾಣುವಂಥವು. ಬೊಳ್ಳಮ್ಮ ಆಂಟಿಯ ಸ್ಟೂಲಿನ ಮೇಲೆ ಸೇವಂತಿಗೆಯ ಖಾಲಿ ಕುಂಡವಿತ್ತು. ಆಮೇಲೆ ಕಟಕ್ ಸದ್ದಿನ ನಡುವಿನ ಮೌನದಲ್ಲಿ ಒಂದು ಸಣ್ಣ ಪೀಪೀ ಕೇಳಿಸತೊಡಗಿತು. ಅದಕ್ಕೆ ಯಾರೂ 'ಸರಿ' ಎನ್ನುತ್ತಿರಲಿಲ್ಲ.

ಒಂದೂವರೆ ವರ್ಷದ ಮೇಲೆ ಅವರು ಮನೆ ಮಾರಿ ಮಗಳಿರುವ ಓಹಾಯೊಗೆ ಹೋದರು. ಹೊರಟ ಬೆಳಿಗ್ಗೆ ನನ್ನ ಮೆಟ್ಟಿಲ ಮೇಲೆ ನನ್ನ ಫ್ಲಾಸ್ಕು, ಪಕ್ಕದಲ್ಲಿ ಹಳೆಯ ತಕ್ಕಡಿಯ ಪೆಟ್ಟಿಗೆ ಇದ್ದವು. ಚೀಟಿಯಿರಲಿಲ್ಲ. ಬೇಡದ್ದನ್ನು ಬಿಟ್ಟುಹೋದರೋ, ನನಗೆಂದು ಇಟ್ಟುಹೋದರೋ, ಇಂದಿಗೂ ತೀರ್ಮಾನಿಸಲಾಗಿಲ್ಲ. ಕೇಳಬಹುದಿತ್ತು. ಕಾದು ಕೇಳುವುದನ್ನು ಅವರಿಂದ ಕಲಿಯುವಷ್ಟರಲ್ಲಿ ಅವರ ನಂಬರು ಬದಲಾಗಿತ್ತು.

ಹೊಸ ಮನವಿಪತ್ರವೊಂದನ್ನು ಬರೆದು ಮುಗಿಸಿದಾಗ, ಸಹಿ ಹಾಕುವ ಮುನ್ನ, ನಾನು ಗುಂಡನ್ನೆತ್ತಿ ತಕ್ಕಡಿಯ ತಟ್ಟೆಯಲ್ಲಿಡುತ್ತೇನೆ. ಮುಳ್ಳು ತೂಗಾಡಿ, ನಿಧಾನವಾಗಿ ಗೆರೆಗೆ ಬಂದು ನಿಲ್ಲುತ್ತದೆ. ಉಸಿರು ಬಿಗಿಹಿಡಿದೇ ಇರುತ್ತೇನೆ.

"ಸಮ, ಅಂಕಲ್" ಎಂದು ಗಟ್ಟಿಯಾಗಿ ಹೇಳುತ್ತೇನೆ. ಹೇಳಿ, ಸ್ವಲ್ಪ ಹೊತ್ತು ಕಾಯುತ್ತೇನೆ.